‘ಇನ್ನೊಬ್ಬ’ ಅಂದ್ರೆ ಮೊದಲು ಯಾರು?

ಮೊದಲ ವರ್ಷ ಅಮೆರಿಕದ ಮಾಂಟ್ಗೋಮರಿ ಊರಿನ ಬಸ್ ಬಹಿಷ್ಕಾರದ ಪಾಠವನ್ನು ನಾಟಕದ ಹಾಗೆ ಮಾಡಿಸಿದ್ದೆ. ಬೆಂಚುಗಳೇ ಬಸ್ಸಿನ ಸೀಟು. ಒಂಬತ್ತನೇ ತರಗತಿಯ ಅರ್ಧ ಮಕ್ಕಳು ಬಿಳಿಯರಾಗಿ ಮುಂದೆ, ಉಳಿದವರು ಕರಿಯರಾಗಿ ಹಿಂದೆ. ಮುಂದಿದ್ದವರಿಗೆ ನಗುವೋ ನಗು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ, ಉಗುರಿನಿಂದ ಬೆಂಚು ಗೀರುತ್ತಾ ಕೂತಿದ್ದ. ಮೈಬಣ್ಣ ನೋಡಿ ಶಾಲೆಯ ಮಕ್ಕಳೆಲ್ಲ ಅವನನ್ನು ‘ಕರಿಯ’ ಅಂತಲೇ ಕೂಗುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಆಮೇಲೆ. ಅವನ ಹತ್ತಿರ ಕ್ಷಮೆ ಕೇಳಿದೆ. ನಾಟಕವನ್ನೂ ಬಿಟ್ಟೆ, ಆ ಪದವನ್ನೂ ಬಿಟ್ಟೆ. ಈಗ ಕಪ್ಪು ಜನ ಅನ್ನುತ್ತೇನೆ.

ಈಗ ಶುರು ಮಾಡುವುದು ಒಂದು ಕರಪತ್ರದಿಂದ. ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ಜನರಿಗೆ ಅನ್ನೋದು ಆಗ ಅಲ್ಲಿನ ನಿಯಮ. 1955ರ ಡಿಸೆಂಬರ್ 1ರ ಸಂಜೆ ಅಲಬಾಮಾ ರಾಜ್ಯದ ಆ ಊರಿನಲ್ಲಿ ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆಯ ಬಂಧನವಾಯಿತು. ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲಿಲ್ಲ ಅನ್ನೋದೇ ತಪ್ಪು. ಅದೇ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್, ಸೋಮವಾರ ಬಸ್ ಹತ್ತಬೇಡಿ ಅಂತ ಕರಪತ್ರ ಬರೆದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರ ಬೆಳಗಿನ ಜಾವದವರೆಗೆ ತಿರುಗಿತು. ಒಂದು ಹಾಳೆಗೆ ಮೂರು ಪ್ರತಿ, ಆಮೇಲೆ ಕತ್ತರಿಸುವುದು. ಹಾಗೆ ಹತ್ತಾರು ಸಾವಿರ! ಬೆಳಗ್ಗೆ ಎಂಟಕ್ಕೆ ಅವರು ಮತ್ತೆ ಪಾಠಕ್ಕೆ ಹಾಜರು. ನಾನೂ ಪಾಠ ಮಾಡುವವಳು. ಇದನ್ನು ಹೇಳುವಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಕರಪತ್ರದ ಶುರುವಿನ ಮಾತನ್ನು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ: ಇನ್ನೊಬ್ಬ ಮಹಿಳೆಯನ್ನು ಬಂಧಿಸಿ ಜೈಲಿಗೆ ಹಾಕಿದ್ದಾರೆ. ಬರೆದು ಸುಮ್ನೆ ನಿಲ್ಲುತ್ತೇನೆ. ಯಾರಾದರೂ ಕೇಳಿಯೇ ಕೇಳುತ್ತಾರೆ, “ಮಿಸ್, ಇನ್ನೊಬ್ಬ ಅಂದ್ರೆ ಮೊದಲು ಯಾರೋ ಇದ್ರು ಅಲ್ವಾ?”

ಇದ್ದಳು. ಕ್ಲಾಡೆಟ್ ಕೊಲ್ವಿನ್. ಅದೇ ವರ್ಷ ಮಾರ್ಚ್ 2ರಂದು, ಶಾಲೆ ಬಿಟ್ಟು ಮನೆಗೆ ಹೋಗುವಾಗ ಅವಳೂ ಸೀಟು ಬಿಟ್ಟಿರಲಿಲ್ಲ. ವಯಸ್ಸು 15. ಅಷ್ಟು ಹೇಳಿದರೆ ಸಾಕು, ಹೆಣ್ಣುಮಕ್ಕಳು ನೆಟ್ಟಗೆ ಕೂರುತ್ತಾರೆ. ಕಾಲು ನೋಯುತ್ತಿತ್ತು, ಅದಕ್ಕೇ ರೋಸಾ ಪಾರ್ಕ್ಸ್ ಏಳಲಿಲ್ಲ ಅನ್ನುವ ಕಥೆಯನ್ನು ಆಗಲೇ ಪಕ್ಕಕ್ಕಿಡುತ್ತೇನೆ. ಕಪ್ಪು ಜನರ ಹಕ್ಕಿನ ಸಂಘಟನೆಯಲ್ಲಿ ವರ್ಷಗಟ್ಟಲೆ ದುಡಿದು, ಅದರ ಊರಿನ ಶಾಖೆಗೆ ಕಾರ್ಯದರ್ಶಿಯಾಗಿದ್ದವರು ಅವರು.

ಮುಂದಿನ ಪ್ರಶ್ನೆ ಮಕ್ಕಳಿಗೆ. ಸೋಮವಾರದಿಂದ ಯಾರೂ ಬಸ್ ಹತ್ತೋದಿಲ್ಲ. ಕೆಲಸಕ್ಕೆ ಹೋಗೋದು ಹೇಗೆ? ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಹಳ್ಳಿಯಿಂದ ಬಸ್ಸಿನಲ್ಲೇ ಬರುವವರು. ಬಸ್ ಇಲ್ಲದ ದಿನ ಹೇಗಿರುತ್ತೆ ಅಂತ ಅವರಿಗೆ ನಾನು ಹೇಳಿಕೊಡಬೇಕಿಲ್ಲ. ನಡೀತೀವಿ, ಬೈಕಲ್ಲಿ ಡ್ರಾಪ್ ಕೇಳ್ತೀವಿ ಅನ್ನುತ್ತಾರೆ. “ಅಜ್ಜಿಯರು ಏನ್ ಮಾಡ್ತಾರೆ? ಪೆಟ್ರೋಲಿಗೆ ದುಡ್ಡು ಯಾರು ಕೊಡ್ತಾರೆ?” ಅಂತ ಅವರೇ ಕೇಳುತ್ತಾರೆ. ಆಗ ಆ ಊರಿನವರು ಕಂಡುಕೊಂಡ ದಾರಿ ಹೇಳುತ್ತೇನೆ. ಸುಮಾರು 300 ಕಾರುಗಳು ಸರದಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಾಡಿದವು. ಜಾರ್ಜಿಯಾ ಗಿಲ್ಮೋರ್ ಅನ್ನುವ ಅಡುಗೆಯಾಕೆ ಬೇರೆ ಹೆಂಗಸರನ್ನೂ ಸೇರಿಸಿಕೊಂಡು ಕೇಕು, ಊಟ ಮಾರಿ ದುಡ್ಡು ಕೂಡಿಸಿದರು. ಹೀಗೆ 381 ದಿನ! ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಮಕ್ಕಳಿಗೆ ಮೊದಲೇ ಗೊತ್ತು, ಅವರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ.

ಬಸ್ಸಿನ ಈ ಭೇದ ಸಂವಿಧಾನಕ್ಕೆ ವಿರುದ್ಧ ಅಂತ 1956ರಲ್ಲಿ ತೀರ್ಪು ಬಂತು. ಆ ದಾವೆ ಹೂಡಿದ ಹೆಂಗಸರಲ್ಲಿ ಕೊಲ್ವಿನ್ ಕೂಡ ಒಬ್ಬಳು. ಆದರೆ ಅವಳ ಮೇಲಿನ ಕೇಸಿನ ದಾಖಲೆಯನ್ನು ಕೋರ್ಟು ಅಳಿಸಿದ್ದು 2021ರಲ್ಲಿ.

ಈ ವರ್ಷ ಇದನ್ನು ಹೇಳಿದಾಗ ಎರಡನೇ ಸಾಲಿನ ಹುಡುಗಿ ನೋಟ್ ಬುಕ್ಕಿನ ಅಂಚಿನಲ್ಲಿ 2021ರಿಂದ 1955 ಕಳೆದಳು. 66 ಅಂತ ಬಂತು. ಸರಿ ಇದೆಯಾ ಅಂತ ಇನ್ನೊಂದು ಸಲ ಕಳೆದು ನೋಡಿದಳು.