ಗಂಡಭೇರುಂಡ ರೇಸ್ ಬ್ಯಾಲೆನ್ಸ್ ಮಾಡಿದ್ದು: ಪಾಯಿಂಟ್ ಶೀಟ್ ಬಿಟ್ಟ ಮೇಲೆಯೇ ಕೆಲಸ ಆಯ್ತು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ದಾಳ ಉರುಳಿಸಿ ಕಥೆ ಆಡುವ ಆಟಕ್ಕೆ ನಾನು ಮಾಡಿದ ಗಂಡಭೇರುಂಡ ರೇಸ್ (ಪಾತ್ರದ ಜಾತಿ, ಎಲ್ಫ್ ಇದ್ದ ಹಾಗೆ) ನಮ್ಮ ಟೇಬಲ್‌ನಲ್ಲಿ ಈಗ ಒಂದು ಕ್ಯಾಂಪೇನ್ (ಎಷ್ಟೋ ಸಂಜೆ ನಡೆಯುವ ದೊಡ್ಡ ಕಥೆ) ಪೂರ್ತಿ ಆಡಿ ಮುಗಿಸಿದೆ. ಒಂದನೇ ಲೆವೆಲ್‌ನಿಂದ ಹತ್ತರ ಹತ್ತಿರದವರೆಗೆ. ಯಾರೂ ಗೊಣಗಲಿಲ್ಲ, ಬ್ಯಾನ್ ಮಾಡಿ ಅನ್ನಲಿಲ್ಲ. "ಎರಡು ತಲೆ, ರೆಕ್ಕೆ ಬೇರೆ, ಅದೂ ಫೈವ್ ಈನಲ್ಲಿ (ಆಟದ ಐದನೇ ಎಡಿಷನ್)? ಆಗೋ ಮಾತಲ್ಲ ಬಿಡು ಗುರು" ಅಂದವರೇ ಈಗ ಪಿಡಿಎಫ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಡಿಎಂ ಮಾಡುವವರಿಗಾಗಿ, ಅಂದರೆ ಆಟ ನಡೆಸುವವರಿಗಾಗಿ ಬರೆದದ್ದು, ಹಾಗಾಗಿ ಆಟದ ಪದಗಳಿಗೆ ಒಂದೊಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಅಡ್ವಾಂಟೇಜ್ ಅಂದರೆ ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು, ಸೇವ್ ಅಂದರೆ ಕೆಟ್ಟ ಪರಿಣಾಮದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ, ಕಾನ್ಸನ್‌ಟ್ರೇಶನ್ ಅಂದರೆ ನಡೆಯುತ್ತಿರುವ ಮಂತ್ರವನ್ನು ಹಿಡಿದಿಟ್ಟುಕೊಳ್ಳುವುದು, ಒಬ್ಬರಿಗೆ ಒಂದು ಸಲಕ್ಕೆ ಒಂದೇ.

ಗಂಡಭೇರುಂಡವೇ ಯಾಕೆ ಅಂದರೆ, ರಾಜ್ಯದ ಲಾಂಛನದಲ್ಲೇ ಇದೆ, ಲೋರ್ (ಹಿನ್ನೆಲೆ ಕಥೆ) ಹೇಳುವ ಕೆಲಸ ಅರ್ಧ ಉಳಿಯುತ್ತದೆ. ಆದರೆ ನನ್ನ ತಲೆಗೆ ಹುಳ ಬಿಟ್ಟಿದ್ದು ಬಳ್ಳಿಗಾವಿಯ ಕಂಬ. ಶಿಕಾರಿಪುರ ತಾಲ್ಲೂಕಿನಲ್ಲಿದೆ, 1047ರ ಕಾಲದ್ದು. ಅದರ ಮೇಲೆ ನಿಂತಿರುವುದು ಬರೀ ಹಕ್ಕಿಯಲ್ಲ, ಮನುಷ್ಯನ ಮೈಗೆ ಎರಡು ಹಕ್ಕಿ ತಲೆ. ಎರಡು ಕೈ, ಎರಡು ಕಾಲು, ಮೀಡಿಯಂ ಸೈಜ್, ಕತ್ತಿ ಹಿಡಿಯಬಹುದು. ಇನ್ನೇನು ಬೇಕು? ಇತ್ತ ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ನೋಡಿದರೆ ಆನೆಗಳನ್ನೇ ಹಿಡಿದುಕೊಂಡಿದೆ. ಬಲ ಎಷ್ಟು ಅಂತ ಅದೇ ಹೇಳಿತು.

ಮೊದಲ ಕರಡು ಪ್ರತಿಗೆ ಎಟ್ಟಿನ್ (ಆಟದಲ್ಲಿರುವ ಎರಡು ತಲೆಯ ದೈತ್ಯ) ಸ್ಟ್ಯಾಟ್ ಬ್ಲಾಕ್, ಅಂದರೆ ಅದರ ಗುಣಗಳ ಪಟ್ಟಿ, ತೆಗೆದುಕೊಂಡೆ. ಎರಡು ತಲೆ ಇರುವುದಕ್ಕೆ ಪರ್ಸೆಪ್ಷನ್ ಮೇಲೆ ಅಡ್ವಾಂಟೇಜ್, ಬ್ಲೈಂಡ್, ಚಾರ್ಮ್, ಡೆಫ್, ಫ್ರೈಟ್, ಸ್ಟನ್, ಪ್ರಜ್ಞೆ ತಪ್ಪಿಸುವುದು ಎಲ್ಲಕ್ಕೂ ಸೇವ್ ಮೇಲೆ ಅಡ್ವಾಂಟೇಜ್. ಒಂದು ತಲೆ ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಜೊತೆಗೆ ನನ್ನದೇ ಒಂದು ಸೇರಿಸಿದೆ: ತಲೆಗೊಂದರಂತೆ ಎರಡು ಕಾನ್ಸನ್‌ಟ್ರೇಶನ್.

ಎರಡು ಕಾನ್ಸನ್‌ಟ್ರೇಶನ್ ಒಂದು ಸಂಜೆಯೂ ಬಾಳಲಿಲ್ಲ. ಐದನೇ ಲೆವೆಲ್ ಕ್ಲೆರಿಕ್ (ದೇವರ ಮಂತ್ರ ಹಾಕುವ ಪಾತ್ರ) ಆಡಿದ ಹುಡುಗಿ ಒಂದು ತಲೆಯಲ್ಲಿ ಬ್ಲೆಸ್ (ಜೊತೆಯವರ ದಾಳಕ್ಕೆ ಬಲ ಕೊಡುವ ಮಂತ್ರ), ಇನ್ನೊಂದರಲ್ಲಿ ಸ್ಪಿರಿಟ್ ಗಾರ್ಡಿಯನ್ಸ್ (ಸುತ್ತ ಬಂದ ಶತ್ರುಗಳಿಗೆ ಪೆಟ್ಟು ಕೊಡುವ ಮಂತ್ರ) ಹಿಡಿದುಕೊಂಡು ಗುಂಪಿನ ಮಧ್ಯೆ ಸುಮ್ನೆ ನಡೆದುಕೊಂಡು ಹೋದಳು. ಮೂರು ಡಿ8 (ಎಂಟು ಮುಖದ ದಾಳ), ಸರಾಸರಿ ಹದಿಮೂರೂವರೆ ಡ್ಯಾಮೇಜ್, ಹತ್ತಿರ ಬಂದವರಿಗೆಲ್ಲ, ಪ್ರತಿ ರೌಂಡ್. ಉಳಿದವರು ಮೊಬೈಲ್ ತೆಗೆದರು. ಟೇಬಲ್‌ನಲ್ಲಿ ಮೊಬೈಲ್ ಹೊರಗೆ ಬಂತು ಅಂದರೆ ಡಿಎಂಗೆ ಬೇರೆ ರಿಪೋರ್ಟ್ ಬೇಕಿಲ್ಲ, ಅಲ್ವಾ?

ಅದನ್ನು ಕಿತ್ತು ಹಾಕಿ ಎಲ್ಲರಂತೆ ಪಾಯಿಂಟ್ ಶೀಟ್ ಹಿಡಿದೆ. ಪ್ರತಿ ಫೀಚರ್‌ಗೆ ಇಷ್ಟು ಪಾಯಿಂಟ್, ಕೂಡಿಸಿದರೆ ಅಧಿಕೃತ ಹಾಫ್ ಎಲ್ಫ್ ರೇಸ್ ಆಸುಪಾಸು ಬರಬೇಕು. ಸೇವ್‌ಗಳನ್ನು ಕಡಿಮೆ ಮಾಡಿ ಹೇಗೋ ಅಲ್ಲಿಗೆ ತಂದೆ. ಶೀಟ್ ಪ್ರಕಾರ ಎಲ್ಲ ಸರಿ. ಟೇಬಲ್‌ನಲ್ಲಿ ಮತ್ತೆ ಅದೇ ಗೋಳು. ಯಾಕೆಂದರೆ "ಒಂದು ತಲೆ ಎದ್ದಿರುತ್ತದೆ" ಅನ್ನುವುದಕ್ಕೆ ಶೀಟ್ ಕೊಟ್ಟಿದ್ದು ಚಿಲ್ಲರೆ ಪಾಯಿಂಟ್. ಆಟದಲ್ಲಿ ಅದು ರಾತ್ರಿಯನ್ನೇ ನುಂಗಿ ಹಾಕಿತು. ಕಾವಲು ಯಾರು ಅನ್ನುವ ಮಾತೇ ಇಲ್ಲ. ವಿಝಾರ್ಡ್ ಇಟ್ಟುಕೊಂಡಿದ್ದ ಅಲಾರ್ಮ್ ಸ್ಪೆಲ್ ದಂಡ. ಎಲ್ಫ್ ಆಡುತ್ತಿದ್ದವನ ನಾಲ್ಕು ಗಂಟೆಯ ಟ್ರಾನ್ಸ್‌ಗೆ (ನಿದ್ದೆಯ ಬದಲು ಮಾಡುವ ಧ್ಯಾನ) ಬೆಲೆಯೇ ಇಲ್ಲ. ಬಗ್‌ಬೇರ್ ಅನ್ನುವ ಪ್ರಾಣಿ ಕತ್ತಲಲ್ಲಿ ಮೇಲೆ ಬಿದ್ದರೇ ತಾನೆ ಅದಕ್ಕೆ ಎರಡು ಡಿ6 ಡ್ಯಾಮೇಜ್ ಜಾಸ್ತಿ ಸಿಗುತ್ತಿದ್ದದ್ದು? ಅದೂ ಹೋಯಿತು. ಎಟ್ಟಿನ್ ಮೂರ್ನಾಲ್ಕು ರೌಂಡ್‌ನಲ್ಲಿ ಸಾಯುವ ಪ್ರಾಣಿ, ಅದಕ್ಕೆ ಈ ಗುಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ಲೇಯರ್ ಕೈಯಲ್ಲಿ ಅದೇ ಗುಣ ವರ್ಷಗಟ್ಟಲೆ ಇರುತ್ತದೆ.

ಆಗ ಶೀಟ್ ಮುಚ್ಚಿಟ್ಟು ಕಳ್ಳಲೆಕ್ಕ ಶುರು ಮಾಡಿದೆ. ಹೆಸರು ನನ್ನದೇ. ಒಂದು ಗೆರೆ ನೋಟ್‌ಬುಕ್, ಪಾರ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಲಂ, ಕೊನೆಗೆ "ಯಾರೂ ಅಲ್ಲ" ಅಂತ ಇನ್ನೊಂದು. ಆಟದಲ್ಲಿ ರೇಸ್‌ನ ಗುಣದಿಂದ ಏನಾದರೂ ಬಗೆಹರಿಯಿತಾ, ಇದು ಇಲ್ಲದಿದ್ದರೆ ಯಾರು ಬಗೆಹರಿಸುತ್ತಿದ್ದರು ಅಂತ ಯೋಚಿಸಿ ಅವರ ಕಾಲಂನಲ್ಲಿ ಒಂದು ಗೀಟು. ಅಂದರೆ ಅವರ ಕೆಲಸ ಕದ್ದ ಲೆಕ್ಕ. ಒಂದೇ ಸಂಜೆ ಒಬ್ಬರ ಕಾಲಂನಲ್ಲೇ ಮೂರ್ನಾಲ್ಕು ಗೀಟು ಬಿದ್ದರೆ ಆ ಫೀಚರ್‌ಗೆ ಕತ್ತರಿ. ಗೀಟುಗಳು ಹಂಚಿಹೋದರೆ, ಇಲ್ಲ "ಯಾರೂ ಅಲ್ಲ"ದಲ್ಲಿ ಬಿದ್ದರೆ ಉಳಿಸಿಕೊಂಡೆ. ಅದೇ ಒನ್‌ಶಾಟ್ (ಒಂದೇ ಸಂಜೆಗೆ ಮುಗಿಯುವ ಟೆಸ್ಟ್ ಆಟ) ಅನ್ನು ಅದೇ ಪ್ಲೇಯರ್ ಹಾಫ್ ಎಲ್ಫ್ ಇಟ್ಟುಕೊಂಡು ಇನ್ನೊಮ್ಮೆ ಆಡಬೇಕು, ಹೋಲಿಸಲು ಏನಾದರೂ ಬೇಕಲ್ಲ. "ಇದೆಲ್ಲ ಅಂದಾಜು, ಮ್ಯಾತ್ಸ್ ಎಲ್ಲಿ" ಅಂತ ನಮ್ಮ ಗುಂಪಿನ ಇಬ್ಬರು ಸಾಫ್ಟ್‌ವೇರ್ ಮಹಾಶಯರು ಚೆನ್ನಾಗಿ ಆಡಿಕೊಂಡರು. ಆಡಿಕೊಳ್ಳಲಿ.

ಹಾರುವುದರ ವಿಷಯಕ್ಕೆ ಬರೋಣ, ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ. 2015ರ ಆರಕೋಕ್ರಾ (ಅಧಿಕೃತ ಹಕ್ಕಿ-ಮನುಷ್ಯ ರೇಸ್) 50 ಅಡಿ ಹಾರುತ್ತಿತ್ತು, ಎಷ್ಟೋ ಡಿಎಂಗಳು ಟೇಬಲ್ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ನಾನು 30 ಅಡಿ ಇಟ್ಟೆ, ಮೀಡಿಯಂ ಮತ್ತು ಹೆವಿ ಆರ್ಮರ್ ಬೇಡ ಅಂದೆ. ಅದರ ಜೊತೆಗೆ ಆನೆಹಿಡಿತ ಅಂತ ಒಂದು: ಹಿಡಿದವನನ್ನು ಎಳೆದುಕೊಂಡು ಹೋಗುವಾಗ ಸ್ಪೀಡ್ ಅರ್ಧ ಆಗುವುದಿಲ್ಲ. ಬೇರೆ ಬೇರೆ ನೋಡಿದರೆ ಎರಡೂ ಪಾಪದವು. ಕೂಡಿದರೆ ಏನಾಯ್ತು ನೋಡಿ. ಫೈಟರ್ ಆಡುತ್ತಿದ್ದವನು ಗಾಬ್ಲಿನ್‌ನನ್ನು ಗ್ರ್ಯಾಪಲ್ ಮಾಡಿದ (ಹಿಡಿದುಕೊಂಡ), ಅದೇ ಟರ್ನ್‌ನಲ್ಲಿ 30 ಅಡಿ ಮೇಲೆ ಹಾರಿದ, ಕೈಬಿಟ್ಟ. ಬಿದ್ದ ಪೆಟ್ಟು ಮೂರು ಡಿ6, ಸರಾಸರಿ ಹತ್ತೂವರೆ. ಗಾಬ್ಲಿನ್‌ಗೆ ಇದ್ದದ್ದೇ ಏಳು ಎಚ್‌ಪಿ (ಜೀವದ ಅಂಕ). ಎಸಿ (ಪೆಟ್ಟು ತಪ್ಪಿಸುವ ರಕ್ಷಣೆಯ ಅಂಕ) ಲೆಕ್ಕಕ್ಕೇ ಇಲ್ಲ, ಸ್ಪೆಲ್ ಸ್ಲಾಟ್ (ದಿನದ ಮಂತ್ರದ ಪಾಲು) ಖರ್ಚಿಲ್ಲ. ಮೊದಲ ಸಲ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನಾಲ್ಕನೇ ಗಾಬ್ಲಿನ್ ಹೊತ್ತಿಗೆ ಬಾರ್ಬೇರಿಯನ್ ಕಾಲಂ ತುಂಬಿತ್ತು. ಗೋಡೆ, ಕಂದಕ, ಹೊಳೆ ಎಲ್ಲ ರೋಗ್ ಕಾಲಂಗೆ ಹೋಗಿತ್ತು.

ಅಲ್ಲಿ ಸುಮಾರು ಎರಡು ತಿಂಗಳು ಒದ್ದಾಡಿದೆ. ಐದನೇ ಲೆವೆಲ್‌ಗೆ ರೆಕ್ಕೆ ಕೊಡುವುದು, ದಿನಕ್ಕೆ ಒಂದು ನಿಮಿಷ ಹಾರುವುದು, 2021ರಲ್ಲಿ ಜೆಮ್ ಡ್ರ್ಯಾಗನ್‌ಬಾರ್ನ್ ಅನ್ನುವ ರೇಸ್‌ಗೆ ಅಧಿಕೃತವಾಗಿ ಮಾಡಿದ್ದು ಹಾಗೇ. ಕೆಲಸ ಮಾಡುತ್ತದೆ, ಆದರೆ ಒಂದನೇ ಲೆವೆಲ್‌ನಲ್ಲಿ ರೆಕ್ಕೆ ಇಟ್ಟುಕೊಂಡು ಸುಮ್ಮನೆ ನಡೆಯುವ ಹಕ್ಕಿ ಯಾರಿಗೆ ಬೇಕು? ಕೊನೆಗೆ ನಿಂತಿದ್ದು "ಚಿಮ್ಮು". ಬೋನಸ್ ಆಕ್ಷನ್ (ಟರ್ನ್‌ನಲ್ಲಿ ಮಾಡಬಹುದಾದ ಇನ್ನೊಂದು ಚಿಕ್ಕ ಕೆಲಸ), ಆ ಟರ್ನ್ ಮುಗಿಯುವವರೆಗೆ 30 ಅಡಿ ಹಾರಬಹುದು, ಟರ್ನ್ ಕೊನೆಗೆ ಕಾಲ ಕೆಳಗೆ ಏನೂ ಇಲ್ಲದಿದ್ದರೆ ಬೀಳುತ್ತೀರಿ. ಲಾಂಗ್ ರೆಸ್ಟ್‌ಗೆ (ರಾತ್ರಿಯ ಪೂರ್ತಿ ವಿಶ್ರಾಂತಿಗೆ) ಪ್ರೊಫಿಶಿಯೆನ್ಸಿ ಬೋನಸ್ (ಲೆವೆಲ್ ಜೊತೆ ಏರುವ ಅಂಕ) ಎಷ್ಟೋ ಅಷ್ಟು ಸಲ. ಯಾರನ್ನಾದರೂ ಹಿಡಿದುಕೊಂಡಿದ್ದರೆ ಚಿಮ್ಮಲು ಆಗುವುದಿಲ್ಲ. ಈ ಕೊನೆಯ ಒಂದು ಸಾಲಿಗೇ ಅಷ್ಟು ದಿನ ಹಿಡಿಯಿತು.

ತಲೆಗಳಿಗೆ ಉಳಿದಿದ್ದು ಇಷ್ಟು. ಚಾರ್ಮ್ ಅಥವಾ ಫ್ರೈಟ್ ಸೇವ್ ಫೇಲ್ ಆದರೆ ರಿಯಾಕ್ಷನ್ (ರೌಂಡ್‌ಗೆ ಒಂದೇ ಸಿಗುವ ಪ್ರತಿಕ್ರಿಯೆ) ಖರ್ಚು ಮಾಡಿ ಇನ್ನೊಂದು ತಲೆ ಮತ್ತೆ ರೋಲ್ ಮಾಡಬಹುದು, ಇದೂ ಪ್ರೊಫಿಶಿಯೆನ್ಸಿ ಬೋನಸ್‌ನಷ್ಟೇ ಸಲ. ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಮೇಲೆ ಬೇಕಾದ ಕಡೆ 50% ಇದ್ದದ್ದು 75% ಆಗುತ್ತದೆ, ಅಡ್ವಾಂಟೇಜ್ ಇದ್ದ ಹಾಗೇ. ಆದರೆ ಆ ರೌಂಡ್‌ಗೆ ಆಪರ್ಚುನಿಟಿ ಅಟ್ಯಾಕ್ ಇಲ್ಲ, ಶೀಲ್ಡ್ ಸ್ಪೆಲ್ ಇಲ್ಲ. ಪ್ಲೇಯರ್ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾನೆ, ನನಗೆ ಬೇಕಿದ್ದದ್ದೂ ಅದೇ. ರಾತ್ರಿ ಕಾವಲು ನಾಲ್ಕು ಗಂಟೆ ಮಾತ್ರ, ಆಮೇಲೆ ಎರಡೂ ತಲೆ ಮಲಗಬೇಕು. ಎರಡು ತಲೆಗೆ ಎರಡು ಮ್ಯಾಜಿಕ್ ಹೆಲ್ಮೆಟ್ ಹಾಕುತ್ತೇನೆ ಅಂತ ಒಬ್ಬ ಬಂದ, ಅದಕ್ಕೂ ಒಂದು ಸಾಲು ಬರೆದೆ: ಎರಡು ಹಾಕಿಕೊಳ್ಳಿ, ಕೆಲಸ ಮಾಡುವುದು ಒಂದೇ.

ನಡುವೆ ತಮಾಷೆಗೆ ಒಂದು ಮಾಡಿದೆವು. ಇಬ್ಬರು ಪ್ಲೇಯರ್, ಒಂದೇ ಕ್ಯಾರೆಕ್ಟರ್, ತಲೆಗೊಬ್ಬರು. ಮಾತಾಡುವ ಸೀನ್‌ಗಳು ಅದ್ಭುತ, ಎಡ ತಲೆ ಸುಳ್ಳು ಹೇಳಿದರೆ ಬಲ ತಲೆ ಬಾಯಿಬಿಡುತ್ತಿತ್ತು. ಇನಿಶಿಯೇಟಿವ್ (ಕಾಳಗದ ಸರದಿ) ಬಂದ ತಕ್ಷಣ ಇಬ್ಬರೂ ಕಿತ್ತಾಡಿ ಒಂದು ಟರ್ನ್‌ಗೆ ಹತ್ತು ನಿಮಿಷ. ಒನ್‌ಶಾಟ್‌ಗೆ ಓಕೆ, ಕ್ಯಾಂಪೇನ್‌ಗೆ ಬೇಡ. ಪಾಥ್‌ಫೈಂಡರ್ ಅನ್ನುವ ಇದೇ ಥರದ ಇನ್ನೊಂದು ಆಟದ ಎರಡನೇ ಎಡಿಷನ್‌ಗೂ ಇಳಿಸಿ ನೋಡಿದೆ. ಅಲ್ಲಿ ಆನ್ಸೆಸ್ಟ್ರಿ ಫೀಟ್‌ಗಳು (ಜಾತಿಯಿಂದ ಬರುವ ಗುಣಗಳು) 1, 5, 9, 13, 17ನೇ ಲೆವೆಲ್‌ಗೆ ಹಂಚಿಹೋಗುವುದರಿಂದ ಅರ್ಧ ತಲೆನೋವು ಇರುವುದೇ ಇಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ದುಡ್ಡು. ಟೆಸ್ಟ್ ಆಡಿದ್ದು ಬೆಂಗಳೂರಿನ ಒಂದು ಗೇಮ್ ಕೆಫೆಯಲ್ಲಿ, ತಲೆಗೆ 250 ರೂಪಾಯಿ ಸುಮಾರು, ನನ್ನ ಟೆಸ್ಟ್ ಆದ್ದರಿಂದ ಬಿಲ್ ನನ್ನದೇ. ಹನ್ನೆರಡು ಸಾವಿರ ದಾಟಿರಬೇಕು. ಆಮೇಲೆ ಬುದ್ಧಿ ಬಂದು ಮನೆಗೆ ಕರೆದೆ, ಚುರುಮುರಿ ಮತ್ತು ಕಾಫಿಯಲ್ಲಿ ಮುಗಿಯಿತು. ಚಿತ್ರಕ್ಕೆ ಒಬ್ಬರಿಗೆ ಮೂರು ಸಾವಿರ ಅಡ್ವಾನ್ಸ್ ಕೊಟ್ಟೆ, ಬಂದದ್ದು ಯುರೋಪಿನ ಕೋಟೆ ಮೇಲೆ ಇರುವಂಥ ಹದ್ದು. ಬಳ್ಳಿಗಾವಿ ಫೋಟೋ ಮತ್ತೆ ಕಳಿಸಿದೆ, ಮೆಸೇಜ್‌ಗೆ ಎರಡು ನೀಲಿ ಟಿಕ್ ಬಂತು, ಅಷ್ಟೇ. ಎರಡನೆಯವರು ಆರೂವರೆ ಸಾವಿರಕ್ಕೆ ಸೊಗಸಾಗಿ ಮಾಡಿಕೊಟ್ಟರು. ಲೇಔಟ್ ನಾನೇ ಮಾಡಿದೆ. 2023ರ ಜನವರಿಯಲ್ಲಿ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ಕಡತ) ಅನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಗೆ ಬಿಟ್ಟಿದ್ದು ದೊಡ್ಡ ಅನುಕೂಲ, ಕ್ರೆಡಿಟ್ ಸಾಲು ಹಾಕಿದರೆ ಎಲ್ಲಿ ಬೇಕಾದರೂ ಮಾರಬಹುದು. ಮೂರು ಡಾಲರ್‌ನ ಪಿಡಿಎಫ್, ಇಲ್ಲಿಯವರೆಗೆ ಒಂಬತ್ತು ಸಾವಿರದ ಹತ್ತಿರ ಬಂದಿದೆ. ಹಾಕಿದ್ದು ಇನ್ನೂ ಪೂರ್ತಿ ಹುಟ್ಟಿಲ್ಲ.

2024ರ ನಿಯಮಕ್ಕೆ ತರುವುದು ಸುಲಭ. ಸ್ಟ್ಯಾಟ್ ಏರಿಕೆ (ಬಲ, ಬುದ್ಧಿ ಥರದ ಅಂಕ ಹೆಚ್ಚುವುದು) ರೇಸ್ ಬಿಟ್ಟು ಪಾತ್ರದ ಬ್ಯಾಕ್‌ಗ್ರೌಂಡ್‌ಗೆ ಹೋಗಿರುವುದರಿಂದ ಆ ಸಾಲನ್ನು ಅಳಿಸಿದೆ, ರೇಸ್ ಅನ್ನುವ ಕಡೆ ಸ್ಪೀಷೀಸ್ ಅಂತ ಹಾಕಿದೆ. ಗ್ರ್ಯಾಪಲ್ ನಿಯಮ ಬದಲಾಗಿದೆ, ಆನೆಹಿಡಿತವನ್ನು ಆ ನಿಯಮದಲ್ಲಿ ಮತ್ತೆ ಆಡಿ ನೋಡಬೇಕು. ಟೆಸ್ಟ್ ಒನ್‌ಶಾಟ್‌ನಲ್ಲಿ ನಾನು ಕಡ್ಡಾಯವಾಗಿ ಇಡುವ ಮೂರು ಸೀನ್ ಯಾವುವು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಪ್ಲೇಯರ್‌ಗಳೂ ಇದನ್ನು ಓದುತ್ತಾರೆ. ಮುಂದಿನದು ಶರಭ, ಎಂಟು ಕಾಲಿನದು. ಅದಕ್ಕೂ ಅದೇ ಮೂರು ಸೀನ್ ಬೇಕು.