‘ಸಾಲ ಇಲ್ಲ’ ಅಂದ ಮನೆಗಳಲ್ಲಿ ಅಡ್ವಾನ್ಸ್

ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ಮಾಡುವಾಗ ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲಿಂಗ್ ಯೂನಿಟ್‌ಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಪ್ರಬಂಧ ಬರೆದೆ. ನಮ್ಮದು ಚಿಂತಾಮಣಿ ಕಡೆಯ ಹಳ್ಳಿ. ಅಪ್ಪ ಹುಳು ಸಾಕಿ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೇ ಒಯ್ಯುತ್ತಿದ್ದರು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದ ವರ್ಷ ನಮ್ಮ ಮನೆಗೆ ಚೆನ್ನಾಗಿ ನೆನಪಿದೆ. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಿದರು. ಆದರೆ ಹರಾಜಾದ ಗೂಡಿನ ಎಳೆಯನ್ನು ಕುದಿನೀರಲ್ಲಿ ಹುಡುಕುವ ಬೆರಳು ಯಾರದು ಅಂತ ನಾನು ಯೋಚಿಸಿದವಳೇ ಅಲ್ಲ.

ಬಡತನ ಅಳೆಯಲು ಕೈಯಲ್ಲಿದ್ದದ್ದು ಜಾಗತಿಕ ಬಹುಆಯಾಮ ಬಡತನ ಸೂಚ್ಯಂಕ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಸೇರಿ 10 ಸೂಚಕಗಳು. ತೂಕ ಹಾಕಿ ಕೂಡಿದ ಕೊರತೆ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡ ಮನೆ. ಇಲ್ಲಿ ಗ್ಯಾಸ್ ಇದೆ, ಕರೆಂಟ್ ಇದೆ, ಟಿ.ವಿ., ಮೊಬೈಲ್ ಇವೆ, ಯಾರಾದರೊಬ್ಬರು ಆರು ವರ್ಷ ಓದಿದ್ದಾರೆ. ಬೋರ್‌ವೆಲ್ ನೀರನ್ನು ಸುಧಾರಿತ ಮೂಲವೆಂದೇ ಎಣಿಸುತ್ತಾರೆ, ನಮ್ಮ ಕಡೆಯ ಫ್ಲೋರೈಡ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹೆಚ್ಚಿನ ಮನೆಗಳು ‘ಬಡವರಲ್ಲ’ ಪಟ್ಟಿಗೆ ಹೋದವು. ಬೆಂದು ಬಿಳಿಚಿದ ಬೆರಳುಗಳಲ್ಲಿ ನನಗೆ ಚಹಾ ಕೊಟ್ಟ ಮನೆಗಳವು.

‘ಸಾಲ ಇದೆಯಾ?’ ಅನ್ನುವ ಪ್ರಶ್ನೆಯನ್ನು ನಾನೇ ಸೇರಿಸಿದ್ದೆ. ಎಲ್ಲರೂ ಇಲ್ಲ ಅಂದರು. ಒಂದು ಸಂಜೆ ಮಗಳ ಮದುವೆಯ ಮಾತು ಬಂದಾಗ ಒಬ್ಬರು, “ಮಾಲೀಕರ ಹತ್ರ ಅಡ್ವಾನ್ಸ್ ತಗೊಂಡೆ” ಅಂದರು.

“ಅದು ಸಾಲ ಅಲ್ವಾ ಆಪಾ?” ಅಂದೆ. ಅಕ್ಕ ಅನ್ನುವುದಕ್ಕೆ ಅವರ ಮನೆಮಾತಿನಲ್ಲಿ ಆಪಾ.

“ಸಾಲ ಅಂದ್ರೆ ಬ್ಯಾಂಕಿಂದು, ಸಂಘದ್ದು ಕಣಮ್ಮ. ಇದು ಕೆಲಸ ಬಿಟ್ರೆ ತಾನೆ ಕಟ್ಟೋದು?”

ಅವತ್ತು ರಾತ್ರಿಯೇ ಪ್ರಶ್ನಾವಳಿ ತಿದ್ದಿದೆ. ಯೂನಿಟ್ಟಿನೊಳಗೆ ಕೇಳುವುದನ್ನು ಬಿಟ್ಟು, ಅಡುಗೆ ಮುಗಿದ ಮೇಲೆ ಮನೆಗೆ ಹೋಗತೊಡಗಿದೆ. ಮೊತ್ತ ಕೇಳಿದರೆ ಮಾತು ನಿಲ್ಲುತ್ತಿತ್ತು. ಯಾವುದಕ್ಕೆ ತಗೊಂಡಿರಿ, ಎಷ್ಟು ವರ್ಷವಾಯಿತು, ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೆ ನಾಳೆಯೇ ಹೋಗಬಹುದಾ ಎಂದು ಕೇಳಿದೆ. ಮೂರನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದೇ ಆಪಾ ಹೇಳಿದರು: ನೂಲಿನ ರೇಟು ಬಿದ್ದು ಹಳೆಯ ಮಾಲೀಕರು ಬೇಸಿನ್ (ನೂಲು ತೆಗೆಯುವ ತೊಟ್ಟಿ) ನಿಲ್ಲಿಸಿದಾಗ, ಇನ್ನೊಬ್ಬ ಮಾಲೀಕರು ಆಪಾ ಕೊಡಬೇಕಿದ್ದ ಅಡ್ವಾನ್ಸಿನ ಬಾಕಿಯನ್ನು ಹಳಬರಿಗೆ ಕೊಟ್ಟು ಕರೆದುಕೊಂಡರಂತೆ. ಬಾಕಿಯ ಜೊತೆಗೆ ಆಪಾ ಕೂಡ ಆ ಯೂನಿಟ್ಟಿನಿಂದ ಈ ಯೂನಿಟ್ಟಿಗೆ ಬಂದರು. ಆಮದು ಸುಂಕ ಇಳಿದು ರೇಟು ಬಿದ್ದದ್ದರ ಅಧ್ಯಾಯದಲ್ಲಿ ಬರೀ ರೈತರ ನಷ್ಟ ಬರೆದಿದ್ದೆ. ಅಪ್ಪನ ಮಗಳಾಗಿ ಬರೆದಿದ್ದೆ. ಅದನ್ನು ಪೂರ್ತಿ ಹರಿದು ಮತ್ತೆ ಬರೆದೆ.

ಮುಂಗಡ ಪಡೆದ ಕಾರಣಕ್ಕೆ ಬೇರೆಡೆ ದುಡಿಯುವ ಸ್ವಾತಂತ್ರ್ಯ ಕಳೆದುಕೊಂಡರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ಜೀತವೆನ್ನುತ್ತದೆ. ಆ ಪದ ಕೇಳಿ ಆಪಾ ಮುಖ ತಿರುಗಿಸಿದರು. ಅಧ್ಯಾಯದ ಹೆಸರಿನಿಂದ ಅದನ್ನು ತೆಗೆದೆ. ಕಾನೂನಿನ ಭಾಗದಲ್ಲಿ ಮಾತ್ರ ಉಳಿಸಿಕೊಂಡೆ.

ಸೂಚ್ಯಂಕದ ಅಂಕಗಳನ್ನು ಬದಲಿಸಲಿಲ್ಲ. ಕೋಷ್ಟಕದ ಕೊನೆಗೆ ‘ಬಿಟ್ಟು ಹೋಗಬಹುದೇ?’ ಎಂಬ ಕಾಲಂ ಸೇರಿಸಿದೆ. ಆಪಾ ಮನೆಯ ಸಾಲಿನಲ್ಲಿ ಒಂದು ಕಡೆ ‘ಬಡವರಲ್ಲ’ ಎಂದಿದೆ, ಕೊನೆಯಲ್ಲಿ ‘ಇಲ್ಲ’ ಎಂದಿದೆ.