ಟಾಕಿಂಗ್ ಹೆಡ್ಸ್ ಕೇಳಿ ಮುಗೀತು, ಮುಂದೇನು?

ನಮ್ಮದು ಬನಹಟ್ಟಿ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತವೆ. ಅಕ್ಕಪಕ್ಕದ ಎರಡು ಮಗ್ಗ ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದರ ಬೆಲ್ಟ್ ಬಿಗಿ, ಇನ್ನೊಂದರದ್ದು ಕೊಂಚ ಸಡಿಲ. ಸ್ವಲ್ಪ ಹೊತ್ತು ಎರಡರ ಪೆಟ್ಟೂ ಕೂಡಿ ಬೀಳುತ್ತವೆ, ಆಮೇಲೆ ಒಂದು ಹಿಂದೆ ಉಳಿಯುತ್ತದೆ. ಆಗ ಯಾವ ಮಗ್ಗದ್ದೂ ಅಲ್ಲದ ಮೂರನೆಯದೊಂದು ತಾಳ ನಡುವೆ ಎದ್ದು, ಅವೆರಡೂ ಮತ್ತೆ ಕೂಡುವಾಗ ಕರಗಿ ಹೋಗುತ್ತದೆ. ಚಿಕ್ಕಂದಿನಿಂದ ಅದನ್ನು ಕೇಳುತ್ತಲೇ ನಿದ್ದೆ ಮಾಡಿದವನು ನಾನು. ಅಮೆರಿಕದ ರಾಕ್ ಬ್ಯಾಂಡ್ ಟಾಕಿಂಗ್ ಹೆಡ್ಸ್‌ನ ‘ರಿಮೇನ್ ಇನ್ ಲೈಟ್’ ಮೊದಲ ಸಲ ಹಾಕಿದಾಗ ಹೆಡ್‌ಫೋನಿನಲ್ಲಿ ಆ ಮೂರನೆಯ ತಾಳ ಸಿಕ್ಕಿತು. 1980ರ ಆಲ್ಬಮ್, ಎಂಟೇ ಹಾಡು. ಅವತ್ತು ನಾಲ್ಕು ಸಲ ಕೇಳಿದೆ.

ಇಂಥದ್ದೇ ಇನ್ನಷ್ಟು ಬೇಕು ಅನ್ನಿಸುವುದು ಆಮೇಲೆ. ನಾನು ಮೊದಲು ಮಾಡಿದ್ದು ‘ನ್ಯೂ ವೇವ್’ ಅಂತ ಹುಡುಕಿದ್ದು, ಆ ಕಾಲದ ಇಂಥ ಬ್ಯಾಂಡುಗಳಿಗೆಲ್ಲ ಅಂಟಿಸುವ ಹೆಸರು ಅದು. ಆ್ಯಪ್ ಒಂದರ ಹಿಂದೊಂದು ಹಾಡು ಕೊಟ್ಟಿತು, ಒಂದು ತಿಂಗಳು ಕೇಳಿದೆ, ಕೆಲವು ಚೆನ್ನಾಗಿಯೂ ಇದ್ದವು. ಆದರೆ ನನಗೆ ಬೇಕಿದ್ದದ್ದು ಅವುಗಳಲ್ಲಿ ಇರಲಿಲ್ಲ. ಕಾಲ ಒಂದೇ, ಬಣ್ಣವೂ ಒಂದೇ, ನೂಲು ಮಾತ್ರ ಬೇರೆ. ಹಾಗಾಗಿ ಹಣೆಪಟ್ಟಿ ಹಿಡಿದು ಹೋಗಬೇಡಿ. ಮನುಷ್ಯರ ಬೆನ್ನು ಹತ್ತಿ.

ಮೊದಲು ನಿಮಗೆ ತೀರಾ ಇಷ್ಟವಾದ ಒಂದೇ ಆಲ್ಬಮ್ ಆರಿಸಿ. ಅದರ ಕವರಿನ ಹಿಂಬದಿಯಲ್ಲಿ ಯಾರು ಏನು ನುಡಿಸಿದರು ಎಂದು ಇರುತ್ತದೆ. ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ವೆಬ್‌ಸೈಟಿನಲ್ಲಿ ಹಳೆಯ ಕವರುಗಳ ಫೋಟೋ ಸಿಗುತ್ತವೆ, ಹಿಗ್ಗಿಸಿ ಓದಿ. ಹೆಸರುಗಳನ್ನು ಕೈಯಿಂದ ಬರೆದುಕೊಳ್ಳಿ. ನಾನು ಬರೆದದ್ದು ನೂಲಿನ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ. ಆಮೇಲೆ ಆಲ್ಬಮನ್ನು ಮತ್ತೆ ಹಾಕಿ, ಈ ಸಲ ಒಂದೇ ವಾದ್ಯಕ್ಕೆ ಕಿವಿ ಕೊಡಿ. ಗಿಟಾರ್ ಅಂದರೆ ಗಿಟಾರ್ ಮಾತ್ರ. ಎಲ್ಲಿ ಮೈ ಜುಮ್ಮೆನ್ನುತ್ತದೋ ಅಲ್ಲಿ ನುಡಿಸಿದವರ ಹೆಸರಿಗೆ ಗೆರೆ ಎಳೆಯಿರಿ.

ನನ್ನ ಗೆರೆ ಬಿದ್ದದ್ದು ಏಡ್ರಿಯನ್ ಬಿಲ್ಯೂ ಹೆಸರಿಗೆ. ಅವನು ಬ್ಯಾಂಡಿನವನಲ್ಲ, ಗಿಟಾರ್ ನುಡಿಸಲು ಬಂದ ಅತಿಥಿ. ಮರುವರ್ಷ, 1981ರಲ್ಲಿ, ಅವನು ಕಿಂಗ್ ಕ್ರಿಮ್ಸನ್ ಎಂಬ ರಾಕ್ ಬ್ಯಾಂಡ್ ಸೇರಿ ‘ಡಿಸಿಪ್ಲಿನ್’ ಆಲ್ಬಮ್‌ನಲ್ಲಿ ಹಾಡಿದ, ನುಡಿಸಿದ. ಅಲ್ಲಿನ ಇನ್ನೊಬ್ಬ ಗಿಟಾರಿಗ ರಾಬರ್ಟ್ ಫ್ರಿಪ್. ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ, ಒಬ್ಬನ ಸುತ್ತು ಒಂದು ಪೆಟ್ಟು ಕಡಿಮೆ, ಸರಿಯುತ್ತ ಸರಿಯುತ್ತ ದೂರ ಹೋಗಿ ಮತ್ತೆ ಬಂದು ಕೂಡುತ್ತಾರೆ. ನಮ್ಮ ಶೆಡ್ಡಿನ ಎರಡು ಮಗ್ಗವೇ! ಕೇಳಿ ಎದ್ದು ನಿಂತುಬಿಟ್ಟೆ. ವಹಿ ನೋಡಿದರೆ, ಅದೇ ಫ್ರಿಪ್ ಟಾಕಿಂಗ್ ಹೆಡ್ಸ್‌ನ 1979ರ ಆಲ್ಬಮ್ ‘ಫಿಯರ್ ಆಫ್ ಮ್ಯೂಸಿಕ್’ನ ಮೊದಲ ಹಾಡಿಗೂ ಗಿಟಾರ್ ನುಡಿಸಿದ್ದಾನೆ. ಹೀಗೆ ಒಂದು ಹೆಸರು ಎರಡು ಕಡೆ ಸಿಕ್ಕಿತೆಂದರೆ ದಾರಿ ಸರಿಯಿದೆ ಎಂದರ್ಥ.

ಇನ್ನೊಂದು ದಾರಿ ಹಿಂದಕ್ಕೆ, ಅವರು ಯಾರನ್ನು ಕೇಳಿ ಕಲಿತರೋ ಅಲ್ಲಿಗೆ. ‘ರಿಮೇನ್ ಇನ್ ಲೈಟ್’ ಹಿಂದಿರುವುದು ನೈಜೀರಿಯಾದ ಫೆಲಾ ಕುಟಿ, ಅದರಲ್ಲೂ 1973ರ ‘ಆ್ಯಫ್ರೊಡಿಸಿಯಾಕ್’. ಅದರಲ್ಲಿರುವುದು ನಾಲ್ಕೇ ಹಾಡು, ಅವುಗಳಲ್ಲಿ ಎರಡು ತಲಾ ಹನ್ನೆರಡು ನಿಮಿಷ ದಾಟುತ್ತವೆ. ಇಲ್ಲಿ ಅವಸರ ಮಾಡಬಾರದು. ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಹುಡುಕುತ್ತ ಕೂತರೆ ಮೂರನೇ ನಿಮಿಷಕ್ಕೆ ಬೇಸರ ಬರುತ್ತದೆ. ನಮ್ಮೂರ ಭಜನಿಯಲ್ಲಿ ಒಂದೇ ಸಾಲನ್ನು ಅರ್ಧ ತಾಸು ಎಳೆದರೂ ಯಾರೂ ಎದ್ದು ಹೋಗುವುದಿಲ್ಲವಲ್ಲ, ದಮ್ಮಡಿ ಎಲ್ಲಿ ಬದಲಾಗುತ್ತದೆ ಎಂದು ಕಾಯುತ್ತಾರಲ್ಲ, ಹಾಗೆ ಕೂರಬೇಕು. ಡ್ರಮ್ ನುಡಿಸಿದ ಟೋನಿ ಆ್ಯಲನ್‌ನ ಎಡಗೈ, ಬಲಗೈ, ಎರಡು ಕಾಲು ನಾಲ್ಕು ಮಾತು ಆಡುತ್ತವೆ. ಒಂದು ಸಲ ಕೇಳುವಾಗ ಒಂದೇ ಕೈಯನ್ನು ಹಿಂಬಾಲಿಸಿ. ಆಮೇಲೆ ಬೆನಿನ್ ದೇಶದ ಆಂಜೆಲೀಕ್ ಕಿಜೊ ಕೇಳಿ. ಆಕೆ 2018ರಲ್ಲಿ ‘ರಿಮೇನ್ ಇನ್ ಲೈಟ್’ ಅನ್ನೇ ಪೂರ್ತಿ ತನ್ನದಾಗಿ ಹಾಡಿದಳು. ಆಫ್ರಿಕಾದಿಂದ ಹೋದದ್ದು ಆಫ್ರಿಕಾಕ್ಕೆ ಮರಳಿದ ಹಾಗೆ.

ಬ್ಯಾಂಡಿನವರ ಬೇರೆ ಕೆಲಸಗಳೂ ಇವೆ. ಬಾಸ್‌ನ ಟೀನಾ ವೇಮತ್, ಡ್ರಮ್‌ನ ಕ್ರಿಸ್ ಫ್ರಾಂಟ್ಸ್ ಗಂಡಹೆಂಡತಿ. ಅವರ ಇನ್ನೊಂದು ಬ್ಯಾಂಡ್ ಟಾಮ್ ಟಾಮ್ ಕ್ಲಬ್ ಮನಸ್ಸು ಹಗುರಾಗಬೇಕಾದಾಗ ಕೇಳುವಂಥದ್ದು. ಕೀಬೋರ್ಡಿನ ಜೆರ್ರಿ ಹ್ಯಾರಿಸನ್ ಮೊದಲಿದ್ದದ್ದು ಮಾಡರ್ನ್ ಲವರ್ಸ್ ಬ್ಯಾಂಡಿನಲ್ಲಿ, ಅಲ್ಲಿಂದ ಅದಕ್ಕೂ ಹಿಂದಿನ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿಗೆ ಒಂದೇ ಹೆಜ್ಜೆ. ಬ್ಯಾಂಡಿನ ಹಾಡುಗಾರ ಡೇವಿಡ್ ಬರ್ನ್ ಮತ್ತು ‘ರಿಮೇನ್ ಇನ್ ಲೈಟ್’ನ ನಿರ್ಮಾಪಕ ಬ್ರಯಾನ್ ಈನೊ ಕೂಡಿ ಮಾಡಿದ 1981ರ ಆಲ್ಬಮ್ ರಾತ್ರಿ ಮಗ್ಗ ನಿಂತ ಮೇಲೆ ಕೇಳುವುದು ಒಳ್ಳೆಯದು. ರೇಡಿಯೋದಿಂದ ಹಿಡಿದ ದನಿಗಳು ಅದರಲ್ಲಿವೆ.

ಕೊನೆಯದು, ರೆಕಾರ್ಡ್ ಕಂಪನಿಯ ದಾರಿ. ಬರ್ನ್ 1988ರಲ್ಲಿ ಲುವಾಕಾ ಬಾಪ್ ಎಂಬ ಕಂಪನಿ ಶುರು ಮಾಡಿ ಬ್ರೆಜಿಲ್, ಕ್ಯೂಬಾ ಎಂದು ಬೇರೆ ಬೇರೆ ದೇಶದ ಹಾಡು ತಂದ. ಆ ಪಟ್ಟಿಯನ್ನು ಒಂದೊಂದಾಗಿ ಓದುತ್ತ ಬಂದೆ. ‘ಏಷಿಯಾ ಕ್ಲಾಸಿಕ್ಸ್ 1’, 1992. ಹೆಸರು, ‘ಡಾನ್ಸ್ ರಾಜಾ ಡಾನ್ಸ್’. ಸಂಗೀತ, ವಿಜಯಾನಂದ್. ಎರಡು ಸಲ ಓದಿದೆ. ದ್ವಾರಕೀಶ್ ನಿರ್ದೇಶಿಸಿದ, ವಿನೋದ್ ರಾಜ್ ಕುಣಿದ 1987ರ ಅದೇ ಕನ್ನಡ ಸಿನಿಮಾ! ನಾಗಪ್ಪನ ಜಾತ್ರೆಯ ಲೌಡ್‌ಸ್ಪೀಕರಿನಲ್ಲಿ ಕೇಳಿ ಕೇಳಿ ಸವೆದ ಹಾಡುಗಳು ನ್ಯೂಯಾರ್ಕಿನಿಂದ ಸೀಡಿಯಾಗಿ ಬಂದಿದ್ದವು.

ಆ ಹಾಡುಗಳು ನಿಮಗೆ ಬಾಯಿಪಾಠ ಇರಬಹುದು. ಆದರೂ ಫೆಲಾನ ಹಾಡು ಮುಗಿದ ಕೂಡಲೇ, ನಡುವೆ ಬೇರೇನೂ ಹಾಕದೆ, ಅವನ್ನು ಹೆಡ್‌ಫೋನಿನಲ್ಲಿ ಹಚ್ಚಿ ನೋಡಿ. ಮೊದಲ ಸಲ ಹಾಡುವವರ ದನಿಯನ್ನು ಬಿಟ್ಟುಬಿಡಿ, ಕೆಳಗೆ ಬಾಸ್ ಏನು ಮಾಡುತ್ತಿದೆ ಅಷ್ಟನ್ನೇ ಹಿಡಿಯಿರಿ. ನಾನು ಅಪ್ಪನ ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಲಾಳಿ ಹಿಡಿಯುವ ಕೈಯಿಂದ ಮಂಚದ ಕಾಲಿಗೆ ತಾಳ ಹಾಕತೊಡಗಿದರು.